ಒಂದೇ ಬಲಿಪೀಠ, ಹಲವು ರೂಢಿ

ಯಾತ್ರಿಕರಿಗೊಂದು ಪಾಠ
(ಬೆಟ್ಟ ಹತ್ತುವ ಮೊದಲು ಅಥವಾ ಇಳಿದ ಮೇಲೆ ಗುಂಪಾಗಿ ಕುಳಿತು ಓದಲು)

ಓದಬೇಕಾದ ಸತ್ಯವೇದದ ಭಾಗಗಳು: 1 ಕೊರಿಂಥ 11:17–34, 1 ಕೊರಿಂಥ 14:26–40, ರೋಮ 14:1–13

ತಪಸ್ಸುಕಾಲದ ಶುಕ್ರವಾರ ಬಂತೆಂದರೆ ಬೆಟ್ಟದ ಬುಡದಲ್ಲಿ ಬಸ್ಸು, ಟೆಂಪೋಗಳು ಸಾಲುಗಟ್ಟುತ್ತವೆ. ಯಲಹಂಕದಿಂದ ಒಂದು ಗುಂಪು, ಹೆಬ್ಬಾಳದಿಂದ ಇನ್ನೊಂದು, ಯಶವಂತಪುರ, ಆರ್.ಟಿ. ನಗರದ ಕಡೆಯಿಂದ ಮತ್ತಷ್ಟು. ಎಲ್ಲರೂ ಕಥೋಲಿಕರೇ. ಶಿಲುಬೆಹಾದಿಯ ಹದಿನಾಲ್ಕು ಸ್ಥಳಗಳನ್ನು ಮುಗಿಸಿ, ಬೆವರು ಒರೆಸಿಕೊಂಡು ಮೇಲೆ ಬಂದು, ಒಂದೇ ಬಲಿಪೂಜೆಯಲ್ಲಿ ನಿಲ್ಲುತ್ತಾರೆ. ಆದರೆ ನಿಲ್ಲುವ ರೀತಿ ಒಂದೇ ಅಲ್ಲ. ಕೆಲವರು ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರುತ್ತಾರೆ. ಕೆಲವರು ಕಲ್ಲಿನ ಮೇಲೇ ಮೊಣಕಾಲೂರುತ್ತಾರೆ. ಒಬ್ಬರು ಪರಮಪ್ರಸಾದವನ್ನು ಕೈಯಲ್ಲಿ ಸ್ವೀಕರಿಸಿದರೆ ಹಿಂದಿನವರು ನಾಲಿಗೆ ಚಾಚುತ್ತಾರೆ. ಒಂದು ಕಡೆ ಚಪ್ಪಾಳೆ, ಗಿಟಾರು; ಇನ್ನೊಂದು ಕಡೆ ಕಣ್ಣುಮುಚ್ಚಿ ಮೌನ.

ಪೂಜೆ ಮುಗಿದು ಬಸ್ಸು ಹತ್ತಿದ ಮೇಲೆ ಮಾತು ಶುರುವಾಗುತ್ತದೆ. "ಅದೇನ್ ಪೂಜೆನೋ ಭಜನೆನೋ ಗೊತ್ತಾಗ್ಲಿಲ್ಲ." "ಕೈಯಲ್ಲಿ ತಗೋತಾರಲ್ಲ, ಭಯಭಕ್ತಿ ಬೇಡ್ವಾ?" "ಎಲ್ಲಾದಕ್ಕೂ ಹಳೇ ಕಾಲದವರ ಥರ ಗೊಣಗಿದ್ರೆ ಮಕ್ಕಳು ಚರ್ಚಿಗೆ ಬರ್ತಾರಾ?" ಹತ್ತುವಾಗ ಒಬ್ಬರ ಕೈ ಒಬ್ಬರು ಹಿಡಿದಿದ್ದವರು ಇಳಿದ ಮೇಲೆ ಮುಖ ತಿರುಗಿಸಿಕೊಂಡು ಕೂರುತ್ತಾರೆ.

ಯಲಹಂಕದಲ್ಲಿ ಇಂಥದೊಂದು ಮನೆ ಇದೆ ಎಂದು ಇಟ್ಟುಕೊಳ್ಳೋಣ. ಆ ಮನೆಯ ಅಜ್ಜಿಗೆ ಅಕ್ಷರ ಬಾರದು. ಚಿಕ್ಕಂದಿನಿಂದ ಪೂಜೆಯ ಹೊತ್ತಿಗೆ ಜಪಸರ ಹಿಡಿದು ಮಣಿ ಎಣಿಸಿಯೇ ಅಭ್ಯಾಸ. ಒಂದು ಭಾನುವಾರ ಪಕ್ಕದಲ್ಲಿದ್ದವರು, "ಅಜ್ಜಿ, ಪೂಜೆಯಲ್ಲಿ ಜಪಸರ ಮಾಡೋದು ತಪ್ಪು, ಒಳಗಿಡಿ" ಎಂದು ಎಲ್ಲರಿಗೂ ಕೇಳುವಂತೆ ಗದರಿದರು. ಮರುವಾರ ಅಜ್ಜಿ ಹೊರಡಲಿಲ್ಲ. ಸೊಸೆ ಕರೆದರೆ, "ನಂಗೆ ಬರೋದು ಅದೊಂದೇ ಕಣಮ್ಮ. ಅದೂ ತಪ್ಪು ಅಂದ್ಮೇಲೆ ನಾನ್ಯಾಕ್ ಬರ್ಲಿ?" ಅಂದರು.

ಗದರಿದವರು ಹೇಳಿದ ಮಾತಿನಲ್ಲಿ ಸತ್ಯವಿತ್ತು. ಆದರೂ ಒಂದು ಆತ್ಮ ಬಲಿಪೀಠದಿಂದ ದೂರವಾಯಿತು. ಆರಾಧನೆಯ ರೂಢಿಗಳ ಬಗ್ಗೆ ಕಥೋಲಿಕರಲ್ಲಿ ಇರುವ ಭಿನ್ನಾಭಿಪ್ರಾಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎನ್ನುವುದು ಇದಕ್ಕೇ.

ಕೊರಿಂಥದವರ ಮನೆಯೂಟ

ಈ ಜಗಳ ಹೊಸದಲ್ಲ. ಸಂತ ಪೌಲರು ಕೊರಿಂಥದ ಸಭೆಗೆ ಪತ್ರ ಬರೆದದ್ದು ಯೇಸುಸ್ವಾಮಿಯ ಮರಣ, ಪುನರುತ್ಥಾನಗಳಾಗಿ ಇನ್ನೂ ಇಪ್ಪತ್ತೈದು ವರ್ಷ ತುಂಬುವ ಮೊದಲೇ. ಅಷ್ಟರಲ್ಲೇ ಅಲ್ಲಿ ಆರಾಧನೆಯ ವಿಷಯಕ್ಕೆ ಪಂಗಡಗಳಾಗಿದ್ದವು. ತಲೆಯ ಮೇಲೆ ಮುಸುಕು ಬೇಕೇ ಬೇಡವೇ, ಯಾರಿಗೂ ಅರ್ಥವಾಗದ ಭಾಷೆಗಳಲ್ಲಿ ಗಟ್ಟಿಯಾಗಿ ಪ್ರಾರ್ಥಿಸಬಹುದೇ, ಯಾರು ಮೊದಲು ಮಾತಾಡಬೇಕು, ಹೀಗೆ ಒಂದೊಂದಕ್ಕೂ ತಕರಾರು.

ಪೌಲರು ಪ್ರತಿಯೊಂದಕ್ಕೂ ಉತ್ತರ ಕೊಡುತ್ತಾರೆ. ಎಲ್ಲವೂ ಕ್ರಮವಾಗಿ, ಸಭ್ಯವಾಗಿ ನಡೆಯಲಿ ಎನ್ನುತ್ತಾರೆ. ಆದರೆ ಅವರು ತೀರಾ ಕಠಿಣವಾಗಿ ಮಾತಾಡುವುದು ಬೇರೊಂದು ತಪ್ಪಿನ ಬಗ್ಗೆ. ಪ್ರಭುವಿನ ಭೋಜನಕ್ಕೆ ಉಳ್ಳವರು ಬೇಗ ಬಂದು ತಮ್ಮ ಬುತ್ತಿ ಬಿಚ್ಚಿ ಹೊಟ್ಟೆತುಂಬ ತಿಂದು ಕುಡಿದಿರುತ್ತಿದ್ದರು. ದುಡಿಮೆ ಮುಗಿಸಿ ತಡವಾಗಿ ಬಂದ ಬಡವರು ಹಸಿದುಕೊಂಡು ನಿಲ್ಲುತ್ತಿದ್ದರು. ಇಲ್ಲದವರನ್ನು ನಾಚಿಸುವವರು ಪ್ರಭುವಿನ ಶರೀರವನ್ನು ಅರಿಯದೆ ಉಣ್ಣುತ್ತಾರೆ ಎಂದು ಪೌಲರು ಎಚ್ಚರಿಸುತ್ತಾರೆ. ಕೊನೆಗೆ ಅವರು ಹೇಳುವ ಪರಿಹಾರ ಸರಳ: ಕೂಡಿಬಂದಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ.

ಕ್ರಮ ಬೇಕು, ಕಾಯುವಿಕೆಯೂ ಬೇಕು. ಕ್ರಮ ಮಾತ್ರ ಉಳಿದರೆ ಅಜ್ಜಿ ಮನೆಯಲ್ಲಿ ಕೂರುತ್ತಾಳೆ. ಕ್ರಮವೇ ಬೇಡವೆಂದರೆ ಗಟ್ಟಿ ಗಂಟಲಿನವರದೇ ಪೂಜೆಯಾಗುತ್ತದೆ. ಈ ಪಾಠ ಎರಡನ್ನೂ ಜೊತೆಯಾಗಿ ನೋಡುತ್ತದೆ.

ಮೂರು ಬಗೆಯ ಸಂಗತಿಗಳು

ಬಸ್ಸಿನಲ್ಲಿ ನಡೆಯುವ ವಾದಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಬೇರೆ ಬೇರೆ ಬಗೆಯ ಸಂಗತಿಗಳನ್ನು ಒಂದೇ ತಕ್ಕಡಿಯಲ್ಲಿ ಹಾಕುವುದರಿಂದ. ಅವನ್ನು ಹೀಗೆ ವಿಂಗಡಿಸಿಕೊಂಡರೆ ಒಳ್ಳೆಯದು.

ಮೊದಲನೆಯದು, ಧರ್ಮಸಭೆ ಕಟ್ಟುಮಾಡಿರುವುದು. ರೊಟ್ಟಿ, ದ್ರಾಕ್ಷಾರಸ, ಸತ್ಯವೇದದ ವಾಚನ, ಗುರುಗಳು ಹೇಳುವ ಸ್ತೋತ್ರ ಪ್ರಾರ್ಥನೆ, ಇವು ಯಾರ ಇಷ್ಟಕ್ಕೂ ಬಿಟ್ಟದ್ದಲ್ಲ. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಬಗ್ಗೆ ಹೊರಡಿಸಿದ ಶಾಸನವು ಇದನ್ನು ಸ್ಪಷ್ಟಪಡಿಸಿದೆ. ಆರಾಧನಾವಿಧಿಯಲ್ಲಿ ತಮ್ಮಷ್ಟಕ್ಕೆ ತಾವೇ ಸೇರಿಸಲು, ತೆಗೆಯಲು, ಬದಲಿಸಲು ಯಾರಿಗೂ ಅಧಿಕಾರವಿಲ್ಲ, ಗುರುಗಳಿಗೂ ಇಲ್ಲ.

ಎರಡನೆಯದು, ಧರ್ಮಸಭೆಯೇ ಎರಡು ದಾರಿ ಬಿಟ್ಟುಕೊಟ್ಟಿರುವುದು. ಇಲ್ಲಿ ಎರಡೂ ಸರಿ. ಒಬ್ಬರು ಇನ್ನೊಬ್ಬರನ್ನು ತಪ್ಪಿತಸ್ಥರೆನ್ನುವ ಹಾಗಿಲ್ಲ.

ಮೂರನೆಯದು, ಜನರ ಭಕ್ತಿಯ ರೂಢಿ. ಮೊಣಕಾಲಿನಲ್ಲಿ ಮೆಟ್ಟಿಲು ಹತ್ತುವುದು, ಹರಕೆಯ ಮುಡಿ ಕೊಡುವುದು, ಮೇಣದಬತ್ತಿ ಹಚ್ಚುವುದು, ತೇರೆಳೆಯುವುದು, ನೊವೇನಾ, ಜಪಸರ, ಶಿಲುಬೆಹಾದಿ. ಇವನ್ನು ಮಹಾಸಭೆ ತಳ್ಳಿಹಾಕಲಿಲ್ಲ. ಇವು ಬಲಿಪೂಜೆಯ ಕಡೆಗೆ ಜನರನ್ನು ಕರೆತರಬೇಕು, ಅದರ ಜಾಗದಲ್ಲಿ ತಾವೇ ಕೂರಬಾರದು ಎಂದಿತು. 2001ರ ಡಿಸೆಂಬರಿನಲ್ಲಿ ಜನಪದ ಭಕ್ತಿಯ ಬಗ್ಗೆ ವ್ಯಾಟಿಕನ್ ಸಿದ್ಧಪಡಿಸಿದ ಮಾರ್ಗದರ್ಶಿಯ ಧೋರಣೆಯೂ ಇದೇ.

ಇನ್ನು ಒಂದೊಂದು ತಕರಾರನ್ನೂ ಹತ್ತಿರದಿಂದ ನೋಡಬಹುದು.

ಜಪಸರದ ಅಜ್ಜಿ

ಲತೀನ್ ಭಾಷೆಯಲ್ಲಿ ಪೂಜೆ ನಡೆಯುತ್ತಿದ್ದ ಕಾಲ. ಗುರುಗಳು ಜನರಿಗೆ ಬೆನ್ನುಮಾಡಿ ಮೆಲುದನಿಯಲ್ಲಿ ಪ್ರಾರ್ಥಿಸುತ್ತಿದ್ದರು. ಲತೀನ್ ಅರಿಯದ ಹಳ್ಳಿಯವರು ಏನು ಮಾಡಬೇಕು? ಜಪಸರ ಹಿಡಿಯುತ್ತಿದ್ದರು. ಅದು ಆಗ ಕದ್ದುಮುಚ್ಚಿ ಮಾಡುವ ಕೆಲಸವಾಗಿರಲಿಲ್ಲ. 1883ರಿಂದ ಪೋಪ್ ಹದಿಮೂರನೇ ಲಿಯೋ ಅವರು ಅಕ್ಟೋಬರ್ ತಿಂಗಳ ಜಪಸರ ಭಕ್ತಿಗೆ ಬಹಳ ಒತ್ತು ಕೊಟ್ಟರು. ಆ ತಿಂಗಳು ಬೆಳಗಿನ ಪೂಜೆ ನಡೆಯುತ್ತಿರುವಾಗಲೇ ಜಪಸರ ಹೇಳಲು ಆಗ ಮನ್ನಣೆಯಿತ್ತು.

1965ರ ಮಾರ್ಚ್ 7ರಂದು ಪೋಪ್ ಆರನೇ ಪೌಲ್ ಅವರು ರೋಮಿನ ಒಂದು ಧರ್ಮಕೇಂದ್ರದಲ್ಲಿ ಇಟಾಲಿಯನ್ ಭಾಷೆಯಲ್ಲಿ ಪೂಜೆ ಅರ್ಪಿಸಿದರು. ಮುಂದೆ ಕನ್ನಡದಲ್ಲೂ ಪೂಜೆ ಬಂತು. ಜನರಿಗೆ ಉತ್ತರ ಹೇಳುವ, ವಾಚನ ಕೇಳಿ ಅರ್ಥಮಾಡಿಕೊಳ್ಳುವ ಪಾಲು ಸಿಕ್ಕಿತು. 1974ರಲ್ಲಿ ಅದೇ ಪೋಪರು ಮಾತೆ ಮರಿಯಮ್ಮನವರ ಭಕ್ತಿಯ ಬಗ್ಗೆ ಬರೆದ ಪತ್ರದಲ್ಲಿ ಜಪಸರವನ್ನು ಮನಸಾರೆ ಹೊಗಳಿದರು. ಆದರೆ ಬಲಿಪೂಜೆ ನಡೆಯುವಾಗ ಅದನ್ನು ಹೇಳುವುದು ಸರಿಯಲ್ಲ ಎಂದೂ ತಿಳಿಸಿದರು.

ಅಂದರೆ ಅಜ್ಜಿ ತನ್ನ ಹಿರಿಯರಿಂದ ಕಲಿತದ್ದು ತಪ್ಪಾಗಿರಲಿಲ್ಲ. ಕಾಲ ಬದಲಾಯಿತು, ಯಾರೂ ಅವಳ ಪಕ್ಕ ಕುಳಿತು ಹೊಸದನ್ನು ಕಲಿಸಲಿಲ್ಲ. ಕಲಿಸದೆ ಗದರುವುದು ಸುಲಭ. ಮೊಮ್ಮಗಳು ಮನೆಯಲ್ಲಿ ಪೂಜೆಯ ಉತ್ತರಗಳನ್ನು ನಾಲ್ಕು ದಿನ ಹೇಳಿಕೊಟ್ಟರೆ, ಅಕ್ಷರ ಬಾರದಿದ್ದರೂ ಅಜ್ಜಿಗೆ ಬಾಯಿಪಾಠವಾಗುತ್ತದೆ. ಜಪಸರಕ್ಕೆ ಬೆಟ್ಟದ ಮೆಟ್ಟಿಲುಗಳಿವೆ, ಬಸ್ಸಿನ ದಾರಿಯಿದೆ, ಮನೆಯ ಸಂಜೆಯಿದೆ. ಆಗ ಅಜ್ಜಿಯೇ ಎಲ್ಲರಿಗೂ ಮುಂದಾಳು.

ಕೈಯೋ, ನಾಲಿಗೆಯೋ

ಪರಮಪ್ರಸಾದ ಸ್ವೀಕರಿಸುವ ರೀತಿಯ ಬಗ್ಗೆ ಬರುವಷ್ಟು ಬಿಸಿ ಮಾತು ಬೇರಾವುದಕ್ಕೂ ಬರುವುದಿಲ್ಲ. ಮೊದಲ ಶತಮಾನಗಳಲ್ಲಿ ವಿಶ್ವಾಸಿಗಳು ಕೈಯಲ್ಲೇ ಸ್ವೀಕರಿಸುತ್ತಿದ್ದರು. ನಾಲ್ಕನೇ ಶತಮಾನದಲ್ಲಿ ಜೆರುಸಲೇಮಿನ ಸಂತ ಸಿರಿಲರ ಹೆಸರಿನಲ್ಲಿರುವ ಉಪದೇಶವು ರಾಜನನ್ನು ಕೂರಿಸಿಕೊಳ್ಳುವ ಸಿಂಹಾಸನದಂತೆ ಎಡಗೈಯನ್ನು ಬಲಗೈಯ ಕೆಳಗಿಟ್ಟು ಸ್ವೀಕರಿಸಬೇಕೆಂದು ಕಲಿಸುತ್ತದೆ. ಒಂದು ಚೂರೂ ಬೀಳದಂತೆ ನೋಡಿಕೊಳ್ಳಲು ಹೇಳುತ್ತದೆ. ಮುಂದೆ ಪೂಜ್ಯಭಾವ ಹೆಚ್ಚಿದಂತೆ ಪಶ್ಚಿಮದ ಸಭೆಯಲ್ಲಿ ನಾಲಿಗೆಯ ಮೇಲೆ ಸ್ವೀಕರಿಸುವುದು ರೂಢಿಗೆ ಬಂತು. ಸಾವಿರ ವರ್ಷ ಅದೇ ನಡೆಯಿತು. 1969ರಲ್ಲಿ ರೋಮ್ ಈ ಹಳೆಯ ರೂಢಿಯನ್ನೇ ಎತ್ತಿಹಿಡಿದು, ಧರ್ಮಾಧ್ಯಕ್ಷರ ಮಂಡಳಿಗಳು ಕೇಳಿಕೊಂಡ ಕಡೆ ಕೈಯಲ್ಲಿ ಕೊಡಲೂ ದಾರಿ ತೆರೆಯಿತು.

2004ರ ಮಾರ್ಚ್ 25ರಂದು ವ್ಯಾಟಿಕನ್ ಹೊರಡಿಸಿದ ಸೂಚನೆಯಲ್ಲಿ ಮೂರು ಮಾತು ಸ್ಪಷ್ಟವಾಗಿವೆ. ಒಂದು, ನಾಲಿಗೆಯ ಮೇಲೆ ಸ್ವೀಕರಿಸುವುದು ಪ್ರತಿಯೊಬ್ಬ ವಿಶ್ವಾಸಿಯ ಹಕ್ಕು. ಎರಡು, ಅನುಮತಿಯಿರುವ ಕಡೆ ಕೈಯಲ್ಲಿ ಬೇಕೆಂದವರಿಗೆ ಕೈಯಲ್ಲೇ ಕೊಡಬೇಕು. ಆದರೆ ಕೊಟ್ಟವರ ಎದುರಿನಲ್ಲೇ ಸೇವಿಸಬೇಕು, ಹಿಡಿದುಕೊಂಡು ಹೋಗುವಂತಿಲ್ಲ. ಮೂರು, ಮೊಣಕಾಲೂರಿದ್ದಾರೆ ಎಂಬ ಕಾರಣಕ್ಕಾಗಲಿ ನಿಂತಿದ್ದಾರೆ ಎಂಬ ಕಾರಣಕ್ಕಾಗಲಿ ಯಾರಿಗೂ ಪರಮಪ್ರಸಾದ ನಿರಾಕರಿಸಬಾರದು.

2020ರಲ್ಲಿ ಕೊರೋನಾ ಬಂದಾಗ ಮೊದಲು ಚರ್ಚುಗಳ ಬಾಗಿಲೇ ಮುಚ್ಚಿತು. ಮತ್ತೆ ತೆರೆದಾಗ ರೋಗ ಹರಡಬಾರದೆಂದು ಅನೇಕ ಕಡೆ ಕೈಯಲ್ಲಿ ಮಾತ್ರ ಕೊಡುತ್ತಿದ್ದರು. ಜೀವನವಿಡೀ ನಾಲಿಗೆಯ ಮೇಲೆ ಸ್ವೀಕರಿಸಿದ್ದ ಎಷ್ಟೋ ಹಿರಿಯರು ನಡುಗುವ ಕೈ ಚಾಚಿದರು. ಅವರಿಗೆ ಅದು ಸಣ್ಣ ತ್ಯಾಗವಾಗಿರಲಿಲ್ಲ. ಕೈ ಚಾಚಿದ್ದರಿಂದ ಅವರ ಭಯಭಕ್ತಿ ಕಡಿಮೆಯಾಯಿತೇ? ಕೈಯಲ್ಲಿ ಸ್ವೀಕರಿಸುವ ಯುವಕರನ್ನು ಅನುಮಾನದಿಂದ ನೋಡುವವರು ಇದನ್ನು ನೆನಪಿಡಬೇಕು. ಹಾಗೆಯೇ ಕಲ್ಲಿನ ಮೇಲೆ ಮೊಣಕಾಲೂರಿದವರನ್ನು ಕಂಡು "ಶೋ ಕೊಡ್ತಾರೆ" ಎನ್ನುವವರೂ ತಡೆದು ಯೋಚಿಸಬೇಕು. ಇದು ಎರಡನೇ ಬಗೆಯ ಸಂಗತಿ. ಎರಡೂ ದಾರಿಯನ್ನು ಧರ್ಮಸಭೆಯೇ ಕಾಪಾಡಿದೆ.

ಆರತಿ, ದೀಪ, ನೆಲದ ಮೇಲೆ ಕೂರುವುದು

ಹೆಬ್ಬಾಳಕ್ಕೆ ಬಹಳ ದೂರವಲ್ಲದ ಹಚಿನ್ಸ್ ರಸ್ತೆಯಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರವಿದೆ. ಎನ್.ಬಿ.ಸಿ.ಎಲ್.ಸಿ. ಎಂದರೆ ಎಲ್ಲರಿಗೂ ತಿಳಿಯುತ್ತದೆ. 1967ರಲ್ಲಿ ಆರಂಭವಾದ ಈ ಕೇಂದ್ರದ ಮೊದಲ ನಿರ್ದೇಶಕರು ಸ್ವಾಮಿ ಡಿ.ಎಸ್. ಅಮಲೋರ್ಪವದಾಸ್. ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮ ಕಟ್ಟಿದವರೂ ಅವರೇ. ಭಾರತದ ಜನ ಭಾರತದ ರೀತಿಯಲ್ಲೇ ದೇವರನ್ನು ಆರಾಧಿಸಬೇಕು ಎನ್ನುವುದು ಅವರ ಹಂಬಲವಾಗಿತ್ತು.

ಭಾರತದ ಧರ್ಮಾಧ್ಯಕ್ಷರ ಕೋರಿಕೆಗೆ ರೋಮ್ 1969ರ ಏಪ್ರಿಲ್ 25ರಂದು ಒಪ್ಪಿಗೆ ಕೊಟ್ಟಿತು. ಅದನ್ನು "ಹನ್ನೆರಡು ಅಂಶಗಳು" ಎಂದು ಕರೆಯುವುದು ವಾಡಿಕೆ. ಅದರಂತೆ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರಬಹುದು. ಮೊಣಕಾಲು ಬಗ್ಗಿಸುವ ಬದಲು ಕೈಮುಗಿದು ತಲೆಬಾಗಬಹುದು. ಪಂಚಾಂಗ ಪ್ರಣಾಮ ಮಾಡಬಹುದು. ಪವಿತ್ರ ವಸ್ತುಗಳಿಗೆ ಮುತ್ತಿಡುವ ಬದಲು ಮುಟ್ಟಿ ಕಣ್ಣಿಗೊತ್ತಿಕೊಳ್ಳಬಹುದು. ಶಾಂತಿಯನ್ನು ಕೈಜೋಡಿಸಿ ಹಂಚಿಕೊಳ್ಳಬಹುದು. ಮೇಣದಬತ್ತಿಯ ಬದಲು ಎಣ್ಣೆದೀಪ, ಹೊಲಿದ ಪೂಜಾವಸ್ತ್ರಗಳ ಬದಲು ಸರಳ ಅಂಗಿ ಮತ್ತು ಅಂಗವಸ್ತ್ರ, ಬಲಿಪೀಠದ ಮೇಲೆ ತಟ್ಟೆ, ಹೂವು ಧೂಪ ದೀಪಗಳ ಆರತಿ, ಇವೆಲ್ಲಕ್ಕೂ ಅವಕಾಶವಾಯಿತು. ಎಲ್ಲಿ, ಎಷ್ಟು ಎಂಬುದನ್ನು ಆಯಾ ಸ್ಥಳದ ಧರ್ಮಾಧ್ಯಕ್ಷರಿಗೆ ಬಿಡಲಾಯಿತು. ಇದು ಅನುಮತಿ, ಬಲವಂತವಲ್ಲ.

ಆಗಲೂ ಜನ ಎರಡಾದರು. "ಇಷ್ಟು ವರ್ಷ ನಮ್ಮ ಹಿರಿಯರು ಬಿಟ್ಟು ಬಂದದ್ದನ್ನೇ ಈಗ ಒಳಗೆ ತರ್ತೀರಾ? ಪಕ್ಕದ ಗುಡಿಗೂ ನಮಗೂ ಏನು ವ್ಯತ್ಯಾಸ?" ಎಂದು ಕೆಲವರು ಕೇಳಿದರು. ವಿಶ್ವಾಸಕ್ಕಾಗಿ ನೆಂಟರಿಷ್ಟರಿಂದ ದೂರವಾದ ಕುಟುಂಬಗಳಿಗೆ ಈ ಪ್ರಶ್ನೆ ಕೇಳುವ ಹಕ್ಕಿದೆ. ಇನ್ನು ಕೆಲವರು, "ದೀಪ ಹಚ್ಚೋದು, ಆರತಿ ಎತ್ತೋದು ನಮ್ಮಮ್ಮ ಮನೇಲಿ ಮಾಡ್ತಿದ್ದದ್ದು. ಮೇಣದಬತ್ತಿಯೇನು ಬೆತ್ಲೆಹೇಮಿನಿಂದ ಬಂತೇ?" ಎಂದರು. ಇದರಲ್ಲೂ ನಿಜವಿದೆ. ಮೊದಲ ಕ್ರೈಸ್ತರು ರೋಮಿನ ಚಕ್ರವರ್ತಿಗೆ ಧೂಪ ಹಾಕಲೊಪ್ಪದೆ ಪ್ರಾಣ ಬಿಟ್ಟರು. ಕೆಲವು ಶತಮಾನಗಳ ನಂತರ ಅದೇ ಧೂಪ ಕ್ರಿಸ್ತರ ಬಲಿಪೀಠಕ್ಕೆ ಬಂತು. ಧೂಪ ಬದಲಾಗಲಿಲ್ಲ, ಯಾರಿಗೆ ಅರ್ಪಿಸುತ್ತೇವೆ ಎಂಬುದು ಬದಲಾಯಿತು.

ಮೂರನೆಯ ಮಾತೂ ಇದೆ, ಅದನ್ನು ಕೇಳಿಸಿಕೊಂಡವರು ಕಡಿಮೆ. ದಲಿತ ಕ್ರೈಸ್ತರು ಕೇಳಿದ್ದು ಇದು: ಭಾರತೀಯ ಎಂದು ಯಾವುದನ್ನು ತರುತ್ತಿದ್ದೀರಿ? ಸಂಸ್ಕೃತದ ಶ್ಲೋಕ, ಗರ್ಭಗುಡಿಯ ಆರತಿ, ಇವು ನಮ್ಮನ್ನು ಬಾಗಿಲಾಚೆ ನಿಲ್ಲಿಸಿದ್ದವರ ರೂಢಿಗಳಲ್ಲವೇ? ನಮ್ಮ ತಮಟೆ, ನಮ್ಮ ಹಾಡು, ನಮ್ಮ ಮಾತು ಭಾರತದ್ದಲ್ಲವೇ? ಚರಿತ್ರೆ ಬಲ್ಲವರಿಗೆ ಈ ಪ್ರಶ್ನೆ ಹೊಸದೆನಿಸದು. 1606ರಲ್ಲಿ ಮದುರೈಗೆ ಬಂದ ರಾಬರ್ಟೊ ದೆ ನೊಬಿಲಿ ಸನ್ಯಾಸಿಯ ವೇಷ ತೊಟ್ಟು ಇಲ್ಲಿಯ ರೂಢಿಗಳಲ್ಲಿ ಬೆರೆತರು. ಹದಿನೇಳನೇ ಶತಮಾನದ ನಡುವೆ ಲಿಯೊನಾರ್ಡೊ ಚಿನ್ನಾಮಿ ಆರಂಭಿಸಿದ ಮೈಸೂರು ಮಿಷನ್ ಕೂಡ ಅದೇ ದಾರಿ ಹಿಡಿಯಿತು. ಆದರೆ ರೂಢಿಗಳನ್ನು ಒಪ್ಪಿಕೊಳ್ಳುವಾಗ ಜಾತಿಯೂ ಜೊತೆಯಲ್ಲೇ ಒಳಬಂತು. 1704ರಲ್ಲಿ ಪೋಪರ ಪ್ರತಿನಿಧಿ ತೂರ್ನೋನ್ ಅವರು ಪುದುಚೇರಿಯಲ್ಲಿ ಹೊರಡಿಸಿದ ಆಜ್ಞೆಯಲ್ಲಿ, ಕೆಳಜಾತಿಯೆನಿಸಿದವರ ಮನೆಗಳಿಗೂ ಗುರುಗಳು ಹೋಗಿ ರೋಗಿಗಳಿಗೆ ಸಂಸ್ಕಾರ ಕೊಡಬೇಕೆಂದು ಹೇಳಬೇಕಾಯಿತು. ದೀರ್ಘ ವಿವಾದದ ನಂತರ 1744ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ಅವರು ಈ ರೂಢಿಗಳಿಗೆ ಕಟ್ಟುನಿಟ್ಟು ಮಾಡಿದರು. ಅದಕ್ಕಾಗಿ ಮಿಷನರಿಗಳು ಮಾಡಬೇಕಿದ್ದ ಪ್ರಮಾಣವಚನ ರದ್ದಾದದ್ದು 1940ರಲ್ಲಿ.

ಆದ್ದರಿಂದ ಒಂದು ರೂಢಿ ನಮ್ಮದೇ ಪರದೇಶದ್ದೇ ಎಂದಷ್ಟೇ ಕೇಳಿದರೆ ಸಾಲದು. ಅದು ಯಾರನ್ನು ಒಳಗೆ ಕರೆಯುತ್ತದೆ, ಯಾರನ್ನು ಹೊರಗೆ ನಿಲ್ಲಿಸುತ್ತದೆ ಎಂದೂ ಕೇಳಬೇಕು. ಇದೇ ಪೌಲರ ಕೊರಿಂಥದ ಪ್ರಶ್ನೆ. ಯಶವಂತಪುರದಾಚೆ, ಹೆಸರಘಟ್ಟದ ಕಡೆ ಸಿಲ್ವೆಪುರ ಎಂಬ ಊರಿದೆ. 1876–78ರ ಘೋರ ಬರಗಾಲದ ನಂತರ ಫ್ರೆಂಚ್ ಮಿಷನರಿಗಳು ನೆಲೆಗೊಳಿಸಿದ ಕ್ರೈಸ್ತ ಹಳ್ಳಿ. ಶಿಲುಬೆಯ ಹೆಸರೇ ಊರಿನ ಹೆಸರು. ಭಾರತೀಯ ಶೈಲಿಯ ಕ್ರೈಸ್ತ ಚಿತ್ರಗಳಿಗೆ ಹೆಸರಾದ ಕಲಾವಿದ ಜ್ಯೋತಿ ಸಾಹಿ ಕಲಾಶ್ರಮ ಕಟ್ಟಿದ್ದು ಇದೇ ಊರಲ್ಲಿ. ಬರದಲ್ಲಿ ಬದುಕುಳಿದವರ ಮನೆತನಗಳಿಗೂ, ಹೊಸ ರೀತಿಯನ್ನು ಹುಡುಕುವ ಕಲೆಗೂ ಒಂದೇ ಊರಿನಲ್ಲಿ ಜಾಗವಾಯಿತು.

ಮಿತಿಯೂ ಇದೆ. ಪೂಜೆಯ ವಾಚನಕ್ಕೆ ಸತ್ಯವೇದದ ಬದಲು ಬೇರೆ ಧರ್ಮಗ್ರಂಥಗಳನ್ನು ಓದುವ, ಒಪ್ಪಿಗೆಯಿಲ್ಲದ ಸ್ತೋತ್ರ ಪ್ರಾರ್ಥನೆ ಬಳಸುವ ಪ್ರಯೋಗಗಳು ನಡೆದಾಗ 1975ರಲ್ಲಿ ರೋಮ್ ಅವನ್ನು ನಿಲ್ಲಿಸಿತು. ಆರತಿ ಎರಡನೇ ಬಗೆಯದು. ವಾಚನ, ಸ್ತೋತ್ರ ಪ್ರಾರ್ಥನೆ ಮೊದಲನೇ ಬಗೆಯವು.

ಚಪ್ಪಾಳೆ ಮತ್ತು ಸೌಖ್ಯದ ಪ್ರಾರ್ಥನೆ

ಕರಿಜ್ಮ್ಯಾಟಿಕ್ ಪುನಶ್ಚೇತನ 1967ರಲ್ಲಿ ಅಮೆರಿಕದ ಕಥೋಲಿಕ ವಿದ್ಯಾರ್ಥಿಗಳ ನಡುವೆ ಆರಂಭವಾಗಿ 1970ರ ದಶಕದಲ್ಲಿ ಭಾರತಕ್ಕೂ ಬಂತು. ಇದರಿಂದ ಕುಡಿತ ಬಿಟ್ಟವರಿದ್ದಾರೆ, ಮುರಿದ ಸಂಸಾರ ಕೂಡಿಸಿಕೊಂಡವರಿದ್ದಾರೆ, ಮೊದಲ ಬಾರಿಗೆ ಸತ್ಯವೇದ ಕೈಗೆತ್ತಿಕೊಂಡವರಿದ್ದಾರೆ. ಇದನ್ನು "ಗಲಾಟೆ" ಎಂದು ಒಂದೇ ಮಾತಿನಲ್ಲಿ ತಳ್ಳಿಬಿಡುವುದು ನ್ಯಾಯವಲ್ಲ.

ಆದರೆ ಇಲ್ಲಿ ಕ್ರಮದ ಮಾತು ಬರುತ್ತದೆ. 2000ದ ಸೆಪ್ಟೆಂಬರ್ 14ರಂದು ವ್ಯಾಟಿಕನ್ ಹೊರಡಿಸಿದ ಸೂಚನೆಯ ಪ್ರಕಾರ ಸೌಖ್ಯಕ್ಕಾಗಿ ವಿಶೇಷ ಪ್ರಾರ್ಥನೆಗಳನ್ನು ಬಲಿಪೂಜೆಯ ನಡುವೆ ಸೇರಿಸುವಂತಿಲ್ಲ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ರೋಗಿಗಳಿಗಾಗಿ ಬೇಡಿಕೊಳ್ಳಬಹುದು. ಸೌಖ್ಯಪ್ರಾರ್ಥನೆಯ ಕೂಟವನ್ನು ಬೇರೆ ಹೊತ್ತಿನಲ್ಲಿ, ಧರ್ಮಾಧ್ಯಕ್ಷರ ಮೇಲ್ವಿಚಾರಣೆಗೆ ಒಳಪಟ್ಟು ನಡೆಸಬಹುದು. ಆಗಲೂ ಉನ್ಮಾದ, ನಾಟಕೀಯತೆ ಇರಬಾರದು. ಮುಖ್ಯವಾಗಿ ನಡೆಸಿಕೊಡುವವರಿಂದ ಅದು ಆಗಬಾರದು.

ಇದು ಬರೀ ಶಿಸ್ತಿನ ಮಾತಲ್ಲ. ಕೂಟದಲ್ಲಿ ಎದ್ದು ನಿಂತು "ಗುಣವಾಯ್ತು" ಎಂದವರನ್ನು ನೋಡಿ, ಗುಣವಾಗದ ತಾಯಿಯೊಬ್ಬಳು "ನನ್ನ ವಿಶ್ವಾಸ ಸಾಲದೇನೋ" ಎಂದು ಒಳಗೇ ಕುಗ್ಗಬಹುದು. ಇನ್ನೊಬ್ಬರು ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಬಹುದು. ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಸೃಷ್ಟಿಸಿದ್ದಾರೆ ಎಂಬ ಬೋಧನೆ ಸತ್ಯವೇದದ ಸಿರಾಖನ ಗ್ರಂಥದಲ್ಲೇ ಇದೆ. ಪೌಲರು ತಮ್ಮ ಸಂಗಾತಿ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಹೋಗಬೇಕಾಯಿತು. ಅವರ ವಿಶ್ವಾಸ ಸಾಲದಾಗಿತ್ತೇ?

ಭಾಷೆ ಬೇರೆ, ವಿಧಿ ಬೇರೆ

ಬೆಂಗಳೂರಿನ ಕಥೋಲಿಕರು ಕನ್ನಡ, ತಮಿಳು, ಕೊಂಕಣಿ, ಮಲಯಾಳಂ, ತೆಲುಗು, ಇಂಗ್ಲಿಷ್ ಆಡುವವರು. ಪೂಜೆ ಲತೀನಿನಲ್ಲಿದ್ದಾಗ ಯಾರಿಗೂ ಅರ್ಥವಾಗದಿದ್ದರೂ ಜಗಳವಿರಲಿಲ್ಲ. ಜನರ ಭಾಷೆಗೆ ಬಂದ ಮೇಲೆ ಯಾವ ಜನರ ಭಾಷೆ ಎಂಬ ಪ್ರಶ್ನೆ ಎದ್ದಿತು. 1970ರ ದಶಕದಿಂದ ಮುಂದೆ ಈ ವಿಷಯ ಮಹಾಧರ್ಮಕ್ಷೇತ್ರವನ್ನು ಬಹಳ ನೋಯಿಸಿತು. ಕನ್ನಡ ನಾಡಿನಲ್ಲೇ ಕನ್ನಡದ ಪೂಜೆಗೆ ಕೈಚಾಚಬೇಕೇ ಎಂಬ ಕನ್ನಡಿಗರ ದೂರು ಹಟವಲ್ಲ. ತಲೆಮಾರುಗಳಿಂದ ಇಲ್ಲೇ ದುಡಿದು ಚರ್ಚು ಕಟ್ಟಿದವರು ತಾಯಿಭಾಷೆಯಲ್ಲಿ ಪ್ರಾರ್ಥಿಸಬೇಕೆಂದರೆ ಅದು ದ್ರೋಹವೂ ಅಲ್ಲ. ನಾಡಿನ ಭಾಷೆಗೆ ಮನೆಯ ಯಜಮಾನಿಯ ಗೌರವ, ಬಂದವರ ಭಾಷೆಗೆ ಮನೆಯವರ ಪ್ರೀತಿ, ಎರಡೂ ಇದ್ದರೆ ಪವಿತ್ರಾತ್ಮರು ಇಳಿದುಬಂದ ಆ ಪಂಚಾಶತ್ತಮ ದಿನದ ಅರ್ಥ ತಿಳಿಯುತ್ತದೆ.

ಉತ್ತರ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸಿರೋ ಮಲಬಾರ್ ವಿಧಿಯ ಕುಟುಂಬಗಳೂ ಇವೆ. 2015ರಲ್ಲಿ ಮಂಡ್ಯದ ಸಿರೋ ಮಲಬಾರ್ ಧರ್ಮಕ್ಷೇತ್ರದ ವ್ಯಾಪ್ತಿಗೆ ಬೆಂಗಳೂರು ಸೇರಿತು. ಅವರ ಬಲಿಪೂಜೆಯಲ್ಲಿ ಗುರುಗಳು ಒಂದು ಭಾಗದಲ್ಲಿ ಜನರತ್ತ, ಒಂದು ಭಾಗದಲ್ಲಿ ಬಲಿಪೀಠದತ್ತ ಮುಖಮಾಡಬೇಕೆಂದು ಅವರ ಧರ್ಮಾಧ್ಯಕ್ಷರ ಸಭೆ 2021ರಲ್ಲಿ ಗೊತ್ತುಮಾಡಿತು. ಕೇರಳದ ಎರ್ನಾಕುಲಂ ಕಡೆ ಇದಕ್ಕೆ ವರ್ಷಗಟ್ಟಲೆ ವಿರೋಧ ನಡೆದು, ಪೂಜೆಯೇ ನಿಲ್ಲುವಷ್ಟು ಬೆಳೆಯಿತು. ಮುಖ ಯಾವ ಕಡೆಗೆ ಎಂಬ ಪ್ರಶ್ನೆ ಚಿಕ್ಕದಲ್ಲ. ಆದರೆ ಅದಕ್ಕಾಗಿ ಸೋ‌ದರರೇ ಒಬ್ಬರಿಗೊಬ್ಬರು ಬೆನ್ನುಹಾಕಿದ್ದು ಎಲ್ಲರಿಗೂ ಎಚ್ಚರಿಕೆ. ಅಂಗೀಕೃತವಾದ ಎಲ್ಲ ವಿಧಿಗಳಿಗೂ ಸಮಾನ ಹಕ್ಕು, ಸಮಾನ ಗೌರವ ಎಂದು 1963ರ ಶಾಸನವೇ ಹೇಳಿದೆ.

ಬೆಟ್ಟದ ಮೇಲೆ ಪಾಲಿಸಲು

ಗುಂಪಿನ ಮುಂದಾಳುಗಳು ಹೊರಡುವ ಹಿಂದಿನ ದಿನವೇ ಪೂಜೆಯ ಭಾಷೆ, ಹಾಡು, ವಾಚನಗಳ ಬಗ್ಗೆ ಬೆಟ್ಟದ ಗುರುಗಳನ್ನು ವಿಚಾರಿಸಲಿ. ಅಲ್ಲಿ ಬಂದು ಜಗ್ಗಾಡುವುದು ಬೇಡ. ಪರಮಪ್ರಸಾದದ ಸಾಲಿನಲ್ಲಿ ಯಾರೂ ಯಾರನ್ನೂ ತಿದ್ದದಿರಲಿ. ನಿಜವಾಗಿಯೂ ತಪ್ಪು ಕಂಡರೆ, ಮೊದಲನೇ ಬಗೆಯದಾದರೆ, ಪೂಜೆ ಮುಗಿದ ಮೇಲೆ ಗುರುಗಳಿಗೆ ಒಬ್ಬಂಟಿಯಾಗಿ ತಿಳಿಸಲಿ. ಹಾಡುವವರು ಪರಮಪ್ರಸಾದದ ನಂತರ ಸ್ವಲ್ಪ ಹೊತ್ತು ಮೌನ ಬಿಡಲಿ; ಮೌನ ಬೇಕೆಂದವರು ಸ್ತುತಿಗೀತೆಯಲ್ಲಿ ಬಾಯಿ ತೆರೆಯಲಿ. ಮೊಣಕಾಲು ನೋಯುವವರಿಗೆ ಕೂರಲು ಜಾಗವಿರಲಿ. ತಡವಾಗಿ ಹತ್ತಿ ಬರುವ ಮುದುಕರಿಗಾಗಿ ಐದು ನಿಮಿಷ ಕಾಯಲು ಗುರುಗಳನ್ನು ಕೇಳಿಕೊಂಡರೂ ತಪ್ಪಿಲ್ಲ. ಕೊರಿಂಥದವರಿಗೆ ಹೇಳಿದ್ದು ಅದೇ.

ಆ ಯಲಹಂಕದ ಮನೆಗೆ ಮುಂದಿನ ಶನಿವಾರ ಯಾರಾದರೂ ಹೋಗಬೇಕು. ಗದರಿದವರೇ ಹೋದರೆ ಇನ್ನೂ ಒಳ್ಳೆಯದು. "ಅಜ್ಜಿ, ನಾಳೆ ಪೂಜೆಗೆ ನನ್ನ ಪಕ್ಕ ಕೂತ್ಕೊಳ್ಳಿ, ಉತ್ತರ ನಾನು ಹೇಳಿಕೊಡ್ತೀನಿ. ಬರೋ ಶುಕ್ರವಾರ ಬೆಟ್ಟ ಹತ್ತುವಾಗ ಜಪಸರ ನೀವು ಹೇಳಿಕೊಡಿ" ಎಂದರೆ ಸಾಕು.

ಗುಂಪಿನಲ್ಲಿ ಚರ್ಚಿಸಲು

1. ನಿಮಗೆ ಕಿರಿಕಿರಿಯಾಗುವ ಒಂದು ರೂಢಿಯನ್ನು ನೆನೆಯಿರಿ. ಅದು ಮೂರು ಬಗೆಗಳಲ್ಲಿ ಯಾವುದಕ್ಕೆ ಸೇರುತ್ತದೆ?
2. ನಿಮ್ಮ ಧರ್ಮಕೇಂದ್ರದಲ್ಲಿ ಯಾರಾದರೂ ಗದರಿಕೆಗೆ ನೊಂದು ಪೂಜೆ ಬಿಟ್ಟಿದ್ದಾರೆಯೇ? ಅವರ ಮನೆಗೆ ಯಾರು ಹೋಗುತ್ತಾರೆ?
3. ನಿಮಗೆ ಪ್ರಿಯವಾದ ಯಾವ ರೂಢಿಯನ್ನು ಇನ್ನೊಬ್ಬರಿಗಾಗಿ ಒಂದು ದಿನದ ಮಟ್ಟಿಗೆ ಬಿಡಬಲ್ಲಿರಿ?
4. ನಿಮ್ಮ ಆರಾಧನೆಯಲ್ಲಿ ಯಾರ ಹಾಡು, ಯಾರ ಮಾತು ಇನ್ನೂ ಬಾಗಿಲಾಚೆಯೇ ಉಳಿದಿದೆ?

ಪ್ರಾರ್ಥನೆ

ಪ್ರಭುವೇ, ಒಂದೇ ರೊಟ್ಟಿಯಿಂದ ನಮ್ಮೆಲ್ಲರನ್ನೂ ಪೋಷಿಸುವವರು ನೀವು. ನಿಂತವರೂ ಮೊಣಕಾಲೂರಿದವರೂ ನಿಮ್ಮವರೇ. ನಮ್ಮ ನಾಲಿಗೆ ನಿಮ್ಮನ್ನು ಸ್ವೀಕರಿಸಿದ ಮೇಲೆ ನೆರೆಯವರನ್ನು ನೋಯಿಸದಿರಲಿ. ನಮ್ಮ ಕೈ ನಿಮ್ಮನ್ನು ಹಿಡಿದ ಮೇಲೆ ಯಾರನ್ನೂ ದೂಡದಿರಲಿ. ಹಿಂದೆ ಉಳಿದವರಿಗಾಗಿ ಕಾಯುವ ತಾಳ್ಮೆ ಕೊಡಿ. ಆಮೆನ್.